ತೆರೆಯ ಮೇಲಿನ ಅಮ್ಮನವರ ಪಾದಾರವಿಂದಗಳಿಗೆ

ಮಾತೃಶ್ರೀ ಸಮಾನರಾದ ಕನ್ನಡ ಸಿನಿಮಾದ ಅಮ್ಮನವರಿಗೆ ಸಿನಿಮಾ ವಿದ್ಯಾರ್ಥಿನಿಯೊಬ್ಬಳು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು.

ಉಭಯಕುಶಲೋಪರಿ ಸಾಂಪ್ರತ. ನಾನಿಲ್ಲಿ ಬೆಂಗಳೂರಿನ ಪೀಜಿಯೊಂದರಲ್ಲಿ ಬೆಳಿಗ್ಗೆ ಚಿತ್ರಾನ್ನ, ರಾತ್ರಿ ಅದನ್ನೇ ಬಿಸಿ ಮಾಡಿದ್ದು ತಿಂದುಕೊಂಡು ಕ್ಷೇಮವಾಗಿದ್ದೇನೆ. ತಮ್ಮ ಕ್ಷೇಮ ಸಮಾಚಾರ ಕೇಳುವ ಅಗತ್ಯವಿಲ್ಲ, ತಮ್ಮ ಆರೋಗ್ಯದ ವಿಷಯ ಇಡೀ ಕರ್ನಾಟಕಕ್ಕೆ ಗೊತ್ತು. ಇಂಟರ್ವಲ್‌ಗೆ ಮುಂಚೆ ಕೆಮ್ಮು, ಇಂಟರ್ವಲ್ ಆದಮೇಲೆ ಆಸ್ಪತ್ರೆ. ಡಾಕ್ಟರು ಕನ್ನಡಕ ತೆಗೆದು ಆಪರೇಷನ್ನಿನ ಖರ್ಚು ಹೇಳುತ್ತಾರೆ. ಅದೇ ವಾರ, ಅದೇ ಊರಿನಲ್ಲಿ, ಸರಿಯಾಗಿ ಅಷ್ಟೇ ಬಹುಮಾನವಿರುವ ಕುಸ್ತಿ ಪಂದ್ಯವೂ ನಡೆಯುತ್ತದೆ. ಆ ಕೆಮ್ಮು ಈಗ ಹೇಗಿದೆ? ಹೊಲಿಗೆ ಮಿಷನ್ನು ಓಡುತ್ತಿದೆಯೇ? ಅದರಲ್ಲಿ ದಾರ ಪೋಣಿಸಿದ್ದನ್ನು ನಾನಂತೂ ಕಂಡಿಲ್ಲ, ಆದರೂ ಅದನ್ನೇ ತುಳಿದು ತಾವು ಎಷ್ಟೊಂದು ಮಕ್ಕಳನ್ನು ಪೊಲೀಸ್ ಇನ್ಸ್‌ಪೆಕ್ಟರ್ ಮಾಡಿದ್ದೀರಿ.

ನನ್ನ ಪರಿಚಯ ಹೇಳಿಕೊಳ್ಳುತ್ತೇನೆ. ಹಾಸನದ ಕಡೆಯವಳು. ಸಿನಿಮಾ ಓದುತ್ತೇನೆ ಎಂದಾಗ ನಮ್ಮ ಮನೆಯಲ್ಲಿ, "ಸಿನಿಮಾ ನೋಡೋದು ಗೊತ್ತು, ಓದೋದು ಅಂದ್ರೇನವ್ವಾ?" ಎಂದು ಕೇಳಿದರು. ಓದುವುದೆಂದರೆ ಮಿಕ್ಕವರು ಅಳುವ ಜಾಗದಲ್ಲಿ ಚಿತ್ರವನ್ನು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಆ ಮೂಲೆಯಲ್ಲಿ ಏನಿದೆ ಎಂದು ನೋಡುವ ಕೆಟ್ಟ ಚಾಳಿ. ನನ್ನ ಸಹಪಾಠಿಗಳು ಹೀರೋ ಎಂಟ್ರಿಯನ್ನೋ ಮಳೆಯಲ್ಲಿನ ಹೊಡೆದಾಟವನ್ನೋ ನಿಲ್ಲಿಸಿ ನೋಡಿದರೆ, ನಾನು ತಮ್ಮ ಅಡುಗೆಮನೆಯನ್ನು ನಿಲ್ಲಿಸಿ ನೋಡತೊಡಗಿದೆ. ನೋಡಿ ನೋಡಿ ಪರಮಾಶ್ಚರ್ಯವಾಯಿತು. ತಾವು ಇಷ್ಟು ವರ್ಷ ಅಡುಗೆಮನೆಯಲ್ಲೇ ಇದ್ದೀರಿ. ಆದರೆ ಒಂದು ದಿನವಾದರೂ ಪೂರ್ತಿ ಒಂದು ಅಡುಗೆ ಮಾಡಿದ್ದನ್ನು ನಾನು ಕಾಣೆ.

ಸುಳ್ಳೆಂದರೆ ತಾವೇ ಹೋಗಿ ನೋಡಿ. ತಮ್ಮ ಗ್ಯಾಸ್ ಒಲೆಗೆ ಪೈಪು ಇರುವುದಿಲ್ಲ. ಇದ್ದರೂ ಆ ಪೈಪು ಕಟ್ಟೆಯ ಕೆಳಗೆ ಇಳಿದು ಎಲ್ಲಿಗೂ ಹೋಗುವುದಿಲ್ಲ. ಗೋಡೆಯ ಮೇಲೆ ಒಗ್ಗರಣೆ ಸಿಡಿದ ಒಂದು ಕಲೆ ಇಲ್ಲ. ಮಸಿಬಟ್ಟೆ ಇಸ್ತ್ರಿ ಮಾಡಿಟ್ಟ ಹಾಗಿದೆ. ತಾವು ತರುವ ಕಾಫಿ ಲೋಟದಲ್ಲಿ ಕಾಫಿ ಇಲ್ಲ ಎನ್ನುವುದು ಲೋಟ ಹಿಡಿಯುವ ರೀತಿಯಲ್ಲೇ ಗೊತ್ತಾಗುತ್ತದೆ. ಬಿಸಿ ಕಾಫಿಯ ಸ್ಟೀಲ್ ಲೋಟವನ್ನು ಯಾರೂ ಮುಷ್ಟಿಯಲ್ಲಿ ಹಿಡಿಯುವುದಿಲ್ಲ. ಅಂಚಿನಲ್ಲಿ ಎರಡು ಬೆರಳು, ಇಲ್ಲವೇ ಸೆರಗಿನ ತುದಿ. ತಮ್ಮ ಮಗ ಅದನ್ನು ಬಾಯಿಗಿಟ್ಟು ಒಂದೇ ಸಲ ಮೇಲಕ್ಕೆತ್ತುತ್ತಾನೆ. ಗಂಟಲು ಅಲ್ಲಾಡುವುದಿಲ್ಲ. ಕೆಳಗಿಡುವಾಗ ಖಾಲಿ ಲೋಟದ ಟಣ್ ಎಂಬ ಸದ್ದು ಬಂದಿರುತ್ತದೆ, ಡಬ್ಬಿಂಗಿನಲ್ಲಿ ಅದನ್ನು ಒರೆಸಿಹಾಕಿ ವೀಣೆ ಹಾಕುತ್ತಾರೆ. ಇನ್ನು ಅಡುಗೆಮನೆಯ ಮಿಕ್ಕ ಸದ್ದುಗಳಂತೂ ಬಹುಕಾಲ ನಮ್ಮ ತೆರೆಗೇ ಬರಲಿಲ್ಲ. ಚಿತ್ರೀಕರಣದ ದಿನ ಬಂದ ಸದ್ದನ್ನೆಲ್ಲ ಎಸೆದು ಆಮೇಲೆ ಸ್ಟುಡಿಯೋದಲ್ಲಿ ಹೊಸದಾಗಿ ಸೇರಿಸುವ ಪದ್ಧತಿಯಲ್ಲಿ, ಗುದ್ದಾಟದ ಡಿಶುಂ ಹುಟ್ಟಿಸುವುದಕ್ಕೆ ಜನ ಇದ್ದರು. ಕೊಬ್ಬರಿ ತುರಿಯುವ ಸದ್ದು ಹುಟ್ಟಿಸಲು ಯಾರಿಗೆ ಪುರಸೊತ್ತು?

ಆಮೇಲೆ ಆ ಊಟ. ತಾವು ಬಡಿಸುತ್ತೀರಿ. ಮಗ ಒಂದು ತುತ್ತು ಕಲಸುತ್ತಾನೆ. ಅಷ್ಟರಲ್ಲಿ ಯಾರೋ ಓಡಿಬಂದು ತಂಗಿಯನ್ನು ರೌಡಿಗಳು ಎತ್ತಿಕೊಂಡು ಹೋದರೆಂದು ಹೇಳುತ್ತಾರೆ. ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋಗುತ್ತಾನೆ. ಕ್ಯಾಮೆರಾ ಅವನ ಹಿಂದೆಯೇ ಓಡುತ್ತದೆ. ನನಗೆ ತಂಗಿಯ ಚಿಂತೆ ಇಲ್ಲವೆಂದಲ್ಲ. ಅವಳು ಬಂದೇ ಬರುತ್ತಾಳೆ, ಅಣ್ಣನಿದ್ದಾನೆ. ನನ್ನ ಚಿಂತೆ ಆ ತಟ್ಟೆಯದು. ಅನ್ನ, ಸಾರು, ಕೈ ತೊಳೆದ ನೀರು ಎಲ್ಲ ಕಲಸಿಹೋದ ಆ ತಟ್ಟೆಯನ್ನು ಎತ್ತಿದವರು ಯಾರು? ಪಾತ್ರೆಯಲ್ಲಿ ಉಳಿದ ಅನ್ನ ಏನಾಯಿತು? ಅಂದು ರಾತ್ರಿ ತಾವು ಊಟ ಮಾಡಿದಿರಾ? ತಾವು ಕೂತು ಉಂಡದ್ದನ್ನು ನಾನು ಯಾವ ಚಿತ್ರದಲ್ಲೂ ಹುಡುಕಿ ಸೋತೆ.

ಇದನ್ನೆಲ್ಲ ಹುಡುಕುವಾಗ ಸಿಕ್ಕ ಒಂದು ಲೆಕ್ಕವನ್ನು ತಮ್ಮ ಮುಂದಿಡಬೇಕು, ತಾವು ದಯವಿಟ್ಟು ಕಣ್ಣೀರು ಹಾಕಬಾರದು. ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ತಮ್ಮ ಮಗ ಜೀಪಿನಿಂದ ಕಾಲು ಕೆಳಗಿಡುವ ದೃಶ್ಯವನ್ನು ಸೆಕೆಂಡಿಗೆ 96ರಂತೆ ಹಿಡಿದು 24ರಂತೆ ಓಡಿಸಿದರೆ, ಅವನ ಒಂದು ಸೆಕೆಂಡಿನ ಹೆಜ್ಜೆ ತೆರೆಯ ಮೇಲೆ ನಾಲ್ಕು ಸೆಕೆಂಡು ಆಗುತ್ತದೆ. ಅದು ಸ್ಲೋ ಮೋಷನ್. ಧೂಳು ಏಳುತ್ತದೆ, ಪಂಚೆ ಹಾರುತ್ತದೆ, ಶಿಳ್ಳೆ ಬೀಳುತ್ತದೆ. ಈ ಹೆಚ್ಚುವರಿ ಮೂರು ಸೆಕೆಂಡು ಎಲ್ಲಿಂದ ಬಂತು? ಚಿತ್ರ ಇರುವುದೇ ಎರಡೂವರೆ ಗಂಟೆ. ಒಬ್ಬರಿಗೆ ಕೊಡಬೇಕಾದರೆ ಇನ್ನೊಬ್ಬರಿಂದ ಕೀಳಬೇಕು. ತಾವು ಅಕ್ಕಿ ಒಲೆಯ ಮೇಲಿಟ್ಟಿರಿ, ಕಟ್, ಬಾಳೆಲೆಯ ಮೇಲೆ ಹಬೆಯಾಡುವ ಅನ್ನ. ನಡುವೆ ಕತ್ತರಿಸಿದ ಮುಕ್ಕಾಲು ಗಂಟೆ ಇದೆಯಲ್ಲ, ಅದನ್ನೇ ಹಿಗ್ಗಿಸಿ ತಮ್ಮ ಮಗ ನಡೆದುಬರುತ್ತಿದ್ದಾನೆ. ತಾಯಿಯ ಋಣ ತೀರಿಸಲಾಗದು ಎಂದು ಅವನು ಕ್ಲೈಮ್ಯಾಕ್ಸಿನಲ್ಲಿ ಹೇಳುವುದು ಬರೀ ಡೈಲಾಗ್ ಅಲ್ಲ, ಲೆಕ್ಕದ ಪುಸ್ತಕ ನೋಡಿಯೇ ಹೇಳಿದ್ದು.

ಇದು ತೆರೆಯ ಲೆಕ್ಕ. ತೆರೆಯ ಹೊರಗಿನದನ್ನು ಭಾರತ ಸರ್ಕಾರವೇ ಮಾಡಿಟ್ಟಿದೆ. 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಗಂಡಸರಲ್ಲಿ ಆ ಕೆಲಸ ಮಾಡುವವರೇ ಕಮ್ಮಿ, ಮಾಡುವವರು ಕೊಡುವುದು 88 ನಿಮಿಷ. 289 ನಿಮಿಷವೆಂದರೆ ಹೆಚ್ಚುಕಮ್ಮಿ ಎರಡು ಕನ್ನಡ ಸಿನಿಮಾ. ನಮ್ಮ ದೇಶದ ಮನೆಮನೆಯಲ್ಲೂ ದಿನಕ್ಕೆರಡು ಆಟ ನಡೆಯುತ್ತಿದೆ, ಹೌಸ್‌ಫುಲ್ ಬೋರ್ಡಿಲ್ಲ.

ಮೊದಲಿನಿಂದಲೂ ಹೀಗೇ ಇತ್ತೇ ಎಂದರೆ, ತಮಾಷೆಯೆಂದರೆ, ಇರಲಿಲ್ಲ. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಲೂಮಿಯೇರ್ ಸಹೋದರರು ದುಡ್ಡು ತೆಗೆದುಕೊಂಡು ಜನರಿಗೆ ತೋರಿಸಿದ ಮೊದಲ ತುಣುಕುಗಳಲ್ಲಿ ಒಂದು ಮಗುವಿನ ಊಟದ್ದು. ಒಂದು ನಿಮಿಷವೂ ಇಲ್ಲ. ಮಗುವಿಗೆ ಚಮಚದಲ್ಲಿ ತಿನ್ನಿಸುತ್ತಿರುವವನು ಅಪ್ಪ, ಅಂದರೆ ಸ್ವತಃ ಒಗುಸ್ತ್ ಲೂಮಿಯೇರ್. ಪಕ್ಕದಲ್ಲಿ ಕೂತ ತಾಯಿ ಕಾಫಿ ಬೆರೆಸಿಕೊಳ್ಳುತ್ತಿದ್ದಾಳೆ, ತನಗೇ. ಸಿನಿಮಾ ಹುಟ್ಟಿದ ದಿನ ಪರಿಸ್ಥಿತಿ ಹೀಗಿತ್ತು. ಆಮೇಲೆ ಬೆಳವಣಿಗೆಯಾಯಿತು.

ನಮ್ಮಲ್ಲಿನ ಕಥೆ ಇನ್ನೂ ಚೆಂದ. ಫಾಲ್ಕೆಯವರು 1913ರ 'ರಾಜಾ ಹರಿಶ್ಚಂದ್ರ' ತೆಗೆಯುವಾಗ ಹರಿಶ್ಚಂದ್ರನ ಹೆಂಡತಿ ತಾರಾಮತಿ ಆಗಲು ಯಾವ ಹೆಣ್ಣೂ ಒಪ್ಪಲಿಲ್ಲ. ಮುಂಬಯಿಯ ಹೋಟೆಲೊಂದರಲ್ಲಿ ಅಡುಗೆ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ ಎಂಬ ಹುಡುಗನಿಗೆ ಸೀರೆ ಉಡಿಸಿದರು. ಹೀಗೆ ಭಾರತೀಯ ಕಥಾಚಿತ್ರದ ಮೊದಲ ನಾಯಕಿ ಒಬ್ಬ ಅಡುಗೆಯವನು. (ನಾಲ್ಕು ವರ್ಷದ ನಂತರ 'ಲಂಕಾ ದಹನ'ದಲ್ಲಿ ರಾಮನೂ ಅವನೇ, ಸೀತೆಯೂ ಅವನೇ. ಗಂಡಹೆಂಡಿರ ನಡುವೆ ಅಷ್ಟು ಹೊಂದಾಣಿಕೆ ಮತ್ತೆ ಯಾವ ಚಿತ್ರದಲ್ಲೂ ಬಂದಿಲ್ಲ.) ಅಡುಗೆ ಬಲ್ಲವನು ಕ್ಯಾಮೆರಾದ ಮುಂದೆ ಬಂದುಬಿಟ್ಟನಲ್ಲ, ಹಾಗಾದರೆ ತಂಡಕ್ಕೆ ಬೇಯಿಸಿದ್ದು ಯಾರು? ಫಾಲ್ಕೆಯವರ ಹೆಂಡತಿ ಸರಸ್ವತಿಬಾಯಿ. ಅಷ್ಟೂ ಜನಕ್ಕೆ ಅಡುಗೆ ಮಾಡಿ, ಕಚ್ಚಾ ಫಿಲ್ಮಿನ ಅಂಚಿಗೆ ರಂಧ್ರ ಹಾಕಿ, ರಾಸಾಯನಿಕ ಕಲಸಿ ಫಿಲ್ಮ್ ತೊಳೆದು, ಬಿಸಿಲಲ್ಲಿ ಬಿಳಿ ಬಟ್ಟೆ ಹಿಡಿದು ನಟರ ಮುಖಕ್ಕೆ ಬೆಳಕು ಬೀರಿದವರು ಅವರು. ಅಡುಗೆಮನೆ ಅಂದೇ ಕ್ಯಾಮೆರಾದ ಹಿಂದಕ್ಕೆ ಹೋಯಿತು. ಇನ್ನೂ ಈಚೆಗೆ ಬಂದಿಲ್ಲ.

ತಮ್ಮ ಬಡ್ತಿಯ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ಅವರ ಜೋಡಿ ಪಂಡರಿಬಾಯಿ. 1986ರ 'ಅನುರಾಗ ಅರಳಿತು' ಚಿತ್ರದಲ್ಲಿ ರಾಜ್‌ಕುಮಾರ್ ನಾಯಕ, ಪಂಡರಿಬಾಯಿ ಅವರ ತಾಯಿ. ಇಬ್ಬರೂ ಮಹಾ ಕಲಾವಿದರು, ಅವರ ಬಗ್ಗೆ ನನ್ನದು ಕೈಮುಗಿದ ಮಾತು. ನನ್ನ ತಕರಾರು ಆಫೀಸಿನ ಮೇಲೆ. ಒಂದೇ ಚಿತ್ರದಲ್ಲಿ ಜೋಡಿಯಾಗಿದ್ದ ಇಬ್ಬರಲ್ಲಿ ಒಬ್ಬರಿಗೆ ಮೂವತ್ತೆರಡು ವರ್ಷದಲ್ಲಿ ಹೆಂಡತಿಯ ಹುದ್ದೆಯಿಂದ ತಾಯಿಯ ಹುದ್ದೆಗೆ ಬಡ್ತಿ ಸಿಕ್ಕಿದೆ, ಇನ್ನೊಬ್ಬರಿಗೆ ಬಡ್ತಿಯೇ ಇಲ್ಲ, ಪಾಪ, ಪ್ರಾಯದ ಹುಡುಗನಾಗಿಯೇ ಉಳಿದಿದ್ದಾರೆ. ಇಂಥ ಅನ್ಯಾಯ ಯಾವ ಸರ್ಕಾರಿ ಇಲಾಖೆಯಲ್ಲೂ ಕಾಣೆ.

ಇಷ್ಟೆಲ್ಲ ಹೇಳಿ, ನಾನು ಓದಿಕೊಂಡವಳು, ನಮ್ಮ ಕಲಾತ್ಮಕ ಚಿತ್ರಗಳಲ್ಲಿ ಹಾಗಿಲ್ಲ ಎಂದು ಎದೆ ತಟ್ಟಿಕೊಳ್ಳಬೇಕೆಂದಿದ್ದೆ. ಅಲ್ಲಿಯೂ ತಾವು ಸಿಕ್ಕಿದಿರಿ. ಅಲ್ಲಿ ತಮಗೆ ಕೆಮ್ಮಿಲ್ಲ, ಮೌನವಿದೆ. ತಾವು ಜಗುಲಿಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತೀರಿ. ನಿಧಾನವಾಗಿ ಆರಿಸುತ್ತೀರಿ. ಮೊರವನ್ನು ಕೊಡವುವುದಿಲ್ಲ, ಕೇರುವುದಿಲ್ಲ, ಏಕೆಂದರೆ ಅದು ಅಂಗಡಿಯಿಂದ ತಂದ ಕಲ್ಲಿಲ್ಲದ ಸೋನಾ ಮಸೂರಿ. ಒಳಗೆ ಸೌದೆ ಒಲೆ. ಬೆಳಕಿಂಡಿಯಿಂದ ಬಿಸಿಲುಕೋಲು ಇಳಿದು ಹೊಗೆಯಲ್ಲಿ ಹಬ್ಬಿರುತ್ತದೆ. ಆಹಾ, ಏನು ಬೆಳಕು ಎಂದು ನಾವು ವಿದ್ಯಾರ್ಥಿಗಳು ಕಣ್ಣರಳಿಸುತ್ತೇವೆ, ಆ ಹೊಗೆಯಲ್ಲಿ ಕೂತು ಕಣ್ಣು ಅರಳಿಸಿಟ್ಟುಕೊಳ್ಳಲಾಗದು ಎನ್ನುವುದು ನಮಗೆ ಮರೆತೇಹೋಗಿರುತ್ತದೆ.

ಈ ಹೊಗೆಯ ವಿಷಯ ನನಗೆ ಚೆನ್ನಾಗಿ ಗೊತ್ತು. ಕ್ಲಾಸಿನ ಅಭ್ಯಾಸಕ್ಕೆಂದು ನಮ್ಮೂರಿಗೆ ಹೋಗಿ ನಮ್ಮಮ್ಮ ರಾಗಿ ಮುದ್ದೆ ಮಾಡುವುದನ್ನು ಚಿತ್ರಿಸಬೇಕೆಂದು ಹೊರಟೆವು. ಎಸರು ಇಟ್ಟಲ್ಲಿಂದ ಮುದ್ದೆ ಕಟ್ಟುವವರೆಗೆ ಒಂದೇ ಶಾಟ್, ಎಲ್ಲೂ ಕಟ್ ಇಲ್ಲ. ಕ್ಯಾಮೆರಾ ಹಿಡಿದ ಸಹಪಾಠಿ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವನು. ಅಡುಗೆಮನೆಗೆ ಕಾಲಿಟ್ಟವನೇ ಗ್ಯಾಸ್ ಒಲೆ, ಮಿಕ್ಸಿ, ಫ್ರಿಜ್ಜಿನ ಮೇಲಿನ ಪ್ಲಾಸ್ಟಿಕ್ ಹೂವು ನೋಡಿ ಮಂಕಾದ. "ಆಂಟೀ, ಹಳೇ ಒಲೆ ಇಲ್ವಾ?" ಹಿತ್ತಲಿನ ಬಚ್ಚಲ ಪಕ್ಕ ಒಂದು ಒಲೆ ಇತ್ತು, ಅದರಲ್ಲಿ ಈಗ ಕಾಯಿಸುವುದು ಹಬ್ಬದ ದಿನದ ನೀರು ಮಾತ್ರ. ಅಲ್ಲಿ ಮಾಡಿ ಎಂದ.

"ಅಲ್ಲ ಕಣಪ್ಪ, ಗ್ಯಾಸ್ ಬರಲಿ ಅಂತ ಇವರಪ್ಪನ ಹತ್ರ ಎಷ್ಟು ಜಗಳ ಆಡಿದೀನಿ ಗೊತ್ತಾ? ಈಗ ನೀನು ಬಂದು ಒಲೆ ಹಚ್ಚು ಅಂತೀಯಲ್ಲ."

"ಲೈಟು ಚೆನ್ನಾಗಿ ಬರುತ್ತೆ ಆಂಟಿ. ಸ್ವಲ್ಪ ಹೊಗೆ ಬೇಕು."

"ಹೊಗೆ ಬೇಕಾದೋರು ಊದಿ."

ಊದುಗೊಳವೆ ಅವನ ಕೈಗೆ ಬಂತು. ಹಸಿ ಸೌದೆ. ಊದಿದ. ಕೆಮ್ಮಿದ. ಕಣ್ಣು, ಮೂಗು ಎರಡರಲ್ಲೂ ನೀರು. ತಮ್ಮ ವೃತ್ತಿಜೀವನದ ಯಾವ ಕೆಮ್ಮೂ ಅಷ್ಟು ಸಹಜವಾಗಿ ಬಂದಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಕಡೆಗೆ ಗ್ಯಾಸಿನ ಮೇಲೆಯೇ ಎಸರಿಟ್ಟರು.

ಎಸರು ಮರಳುವಾಗ ಅಮ್ಮ ಒಂದಿಷ್ಟು ಹಿಟ್ಟನ್ನು ನೀರಲ್ಲಿ ಕದಡಿ ಬಿಟ್ಟರು. ಅದು ಉಕ್ಕಿದ ಮೇಲೆ ಮಿಕ್ಕ ಹಿಟ್ಟನ್ನು ನಡುವಿಗೆ ಗುಡ್ಡೆಯಾಗಿ ಸುರಿದು, ಮುದ್ದೆ ಕೋಲನ್ನು ಅದರ ಮಧ್ಯೆ ನೆಟ್ಟು, ಉರಿ ತಗ್ಗಿಸಿ ಸುಮ್ಮನೆ ನಿಂತರು. ಇಲ್ಲಿ ಏನೂ ನಡೆಯುವುದಿಲ್ಲ. ಹಿಟ್ಟಿನ ಗುಡ್ಡೆಯ ಸುತ್ತ ನೀರು ಬುಳುಬುಳು ಎನ್ನುತ್ತದೆ. ನಿಂತಿದ್ದವರು ಆ ಹೊತ್ತಿನಲ್ಲಿ ಈರುಳ್ಳಿ ಸಿಪ್ಪೆ ಗುಡಿಸಿದರು, ಹೊರಗಿನ ನಾಯಿಗೆ ಬೈದರು, ನನ್ನ ಮದುವೆಯ ಪ್ರಸ್ತಾಪ ಎತ್ತಿದರು. ಆಮೇಲೆ ಪಾತ್ರೆ ನೆಲಕ್ಕಿಳಿಯಿತು. ಕವೆಗೋಲಿನಿಂದ ಅದನ್ನು ಒತ್ತಿಹಿಡಿದು, ಎರಡೂ ಕೈಯಲ್ಲಿ ಕೋಲು ಹಿಡಿದು ತಿರುವತೊಡಗಿದಾಗ ಮಾತು ನಿಂತಿತು. ಒಂದು ಗಂಟೂ ಉಳಿಯಬಾರದು. ಬೆನ್ನು, ಭುಜ, ಮೊಣಕೈ ಎಲ್ಲ ಆ ಕೋಲಿನ ಜೊತೆ ಸುತ್ತುತ್ತವೆ, ಬಳೆ ಮೇಲಕ್ಕೆ ಸರಿದಿರುತ್ತದೆ, ಉಸಿರು ಕೇಳಿಸುತ್ತದೆ. ಮತ್ತೆ ಒಲೆಗಿಟ್ಟು ಹಬೆ ಕೊಟ್ಟು, ಒದ್ದೆ ಮಣೆಯ ಮೇಲೆ ಬೋರಲು ಹಾಕಿ, ತಣ್ಣೀರಲ್ಲಿ ಕೈ ಅದ್ದಿ ಅದ್ದಿ ಸುಡುವ ಹಿಟ್ಟನ್ನು ಉಂಡೆ ಕಟ್ಟಿದರು.

"ಆಂಟೀ, ಫೋಕಸ್ ಸ್ವಲ್ಪ ಹೋಯ್ತು, ಒನ್ ಮೋರ್" ಎಂದ ಸಹಪಾಠಿ. ಅಮ್ಮ ಅವನನ್ನು ಒಮ್ಮೆ ನೋಡಿ, ತಟ್ಟೆ ಹಾಕಿ ಮುದ್ದೆ ಬಡಿಸಿದರು.

ಎಡಿಟಿಂಗ್ ಮೇಜಿನ ಮುಂದೆ ನಮ್ಮ ಮೇಷ್ಟ್ರೊಬ್ಬರು ಅದನ್ನು ನೋಡಿದರು. ತಿಳಿದವರು, ಒಳ್ಳೆಯವರು. "ಚೆನ್ನಾಗಿದೆ. ಆದ್ರೆ ಇಷ್ಟುದ್ದ ಯಾಕೆ? ಕೋಲು ಹಿಡಿದ್ರು, ಕಟ್, ತಟ್ಟೇಲಿ ಮುದ್ದೆ. ಪ್ರೇಕ್ಷಕರಿಗೆ ಅರ್ಥ ಆಗುತ್ತೆ" ಎಂದರು. ಆಗುತ್ತದೆ, ಸುಳ್ಳಲ್ಲ. ಸಿನಿಮಾದ ವ್ಯಾಕರಣವೇ ಅದು, ಬೇಡದ್ದನ್ನು ಬಿಡುವುದು. ಕೇಳಬೇಕೆನಿಸಿದ್ದು ಒಂದೇ. ಪ್ರತಿ ಸಲ ಕತ್ತರಿ ಇದೇ ಜಾಗಕ್ಕೆ ಯಾಕೆ ಬೀಳುತ್ತದೆ? ಹೀರೋ ಸಿಗರೇಟು ಎಸೆದು ಹಿಡಿಯುವುದೂ ಅರ್ಥವಾಗುವಂಥದ್ದೇ, ಅದನ್ನು ಮೂರು ದಿಕ್ಕಿನಿಂದ ತೋರಿಸುತ್ತೇವಲ್ಲ?

ಮೇಷ್ಟ್ರನ್ನು ಕೇಳಲಾಗಲಿಲ್ಲ, ಅದಕ್ಕೇ ತಮಗೆ ಬರೆಯುತ್ತಿರುವುದು.

ತಮ್ಮ ದೂರದ ಸಂಬಂಧಿಯೊಬ್ಬರ ವಿಷಯ ಹೇಳುತ್ತೇನೆ. ಹೆಸರು ಜ್ಯಾನ್ ದಿಲ್ಮನ್, ಊರು ಬ್ರಸೆಲ್ಸ್, ತಮ್ಮ ಹಾಗೆಯೇ ವಿಧವೆ, ತಮ್ಮ ಹಾಗೆಯೇ ಒಬ್ಬ ಮಗ. 1975ರಲ್ಲಿ ಶಾಂತಾಲ್ ಅಕರ್‌ಮನ್ ಎಂಬ, ಇನ್ನೂ ಇಪ್ಪತ್ತೈದು ತುಂಬದ ಹುಡುಗಿ ಈಕೆಯ ಮೂರು ದಿನದ ದಿನಚರಿಯನ್ನು 201 ನಿಮಿಷದ ಸಿನಿಮಾ ಮಾಡಿದಳು. ಆಲೂಗಡ್ಡೆ ಹೆರೆಯುವುದು, ಮಾಂಸವನ್ನು ಹಿಟ್ಟಿನಲ್ಲಿ ಹೊರಳಿಸುವುದು, ಬೆನ್ನು ನಮ್ಮ ಕಡೆ ಮಾಡಿ ಪಾತ್ರೆ ತೊಳೆಯುವುದು, ಎಲ್ಲವೂ ಆಗುವಷ್ಟು ಹೊತ್ತು ಆಗುತ್ತದೆ. 2022ರಲ್ಲಿ 'ಸೈಟ್ ಅಂಡ್ ಸೌಂಡ್' ಪತ್ರಿಕೆಯ ಸಮೀಕ್ಷೆಯಲ್ಲಿ ವಿಮರ್ಶಕರು ಇದನ್ನೇ ಸಾರ್ವಕಾಲಿಕ ಶ್ರೇಷ್ಠ ಚಿತ್ರವೆಂದು ಆರಿಸಿದರು. ನಮ್ಮ ಕ್ಲಾಸಿನಲ್ಲಿ ತೋರಿಸಿದ ದಿನ ಹುಡುಗರು ಒಬ್ಬೊಬ್ಬರಾಗಿ ಟೀಗೆ ಹೋದರು, ಹೋಗಿಬಂದವರು "ಏನಾಯ್ತು?" ಎಂದರೆ ಉತ್ತರ "ಆಲೂಗಡ್ಡೆ".

ಊರಿಗೆ ಹೋದಾಗ ಅದನ್ನು ಲ್ಯಾಪ್‌ಟಾಪಿನಲ್ಲಿ ನಮ್ಮಮ್ಮನಿಗೆ ತೋರಿಸಿದೆ. ಅವರು ಅವರೆಕಾಯಿ ಸುಲಿಯುತ್ತ ಅರೆಕಣ್ಣಲ್ಲಿ ನೋಡುತ್ತಿದ್ದರು. ಸಬ್‌ಟೈಟಲ್ ಬೇಕಾಗಲಿಲ್ಲ. ಎರಡನೆಯ ದಿನ ಜ್ಯಾನ್‌ಳ ಲೆಕ್ಕ ಎಲ್ಲೋ ತಪ್ಪುತ್ತದೆ, ಒಲೆಯ ಮೇಲಿನ ಆಲೂಗಡ್ಡೆ ಕೆಟ್ಟುಹೋಗುತ್ತದೆ. ಅವಳು ಪಾತ್ರೆ ಹಿಡಿದುಕೊಂಡು ಎಲ್ಲಿಡಬೇಕೆಂದು ತೋಚದೆ ಕೋಣೆಯಿಂದ ಕೋಣೆಗೆ ಓಡಾಡುತ್ತಾಳೆ. ಅಮ್ಮ ಅವರೆಕಾಯಿ ಬಿಟ್ಟು ನೆಟ್ಟಗೆ ಕೂತರು. "ಅಯ್ಯೋ, ಇವಳಿಗೆ ಏನೋ ಆಗಿದೆ ಕಣೆ" ಎಂದರು. ಇಡೀ ಚಿತ್ರದ ಭೂಕಂಪ ಅದೇ ಕ್ಷಣದಲ್ಲಿದೆ ಎಂದು ದಪ್ಪ ದಪ್ಪ ಪುಸ್ತಕಗಳು ಹೇಳುತ್ತವೆ. ಕೊನೆಗೆ ಏನಾಗುತ್ತದೆ ಎಂದು ತಮಗೆ ಹೇಳುವುದಿಲ್ಲ, ತಮ್ಮ ಬಿಪಿ ಏರಬಹುದು.

ನಮ್ಮ ಸೀಮೆಯಲ್ಲೂ ತಮಗೆ ಬಂಧುಗಳಿದ್ದಾರೆ. ತ್ರಿವೇಣಿಯವರ ಕಾವೇರಿಯನ್ನು ಪುಟ್ಟಣ್ಣ ಕಣಗಾಲರು 1971ರಲ್ಲಿ 'ಶರಪಂಜರ'ಕ್ಕೆ ತಂದರು, ಕಲ್ಪನಾ ಅದರಲ್ಲಿ ಹೊತ್ತಿ ಉರಿದರು. ಹೆಣ್ಣಿನ ಮನಸ್ಸಿನೊಳಗೆ ಹೋದ ಕ್ಯಾಮೆರಾ ಅದು, ಕೈಯವರೆಗೆ ಬರಲಿಲ್ಲ. ಕೈಯವರೆಗೆ ಬಂದದ್ದು ಕಾಸರವಳ್ಳಿಯವರದ್ದು. ನಟಿ ಸೌಂದರ್ಯ ತಾವೇ ನಿರ್ಮಿಸಿ ನಟಿಸಿದ ಅವರ 'ದ್ವೀಪ'ದಲ್ಲಿ ನೀರು ಮನೆಯ ಬಾಗಿಲಿಗೆ ಬಂದ ಮಳೆಯಲ್ಲಿ ನಾಗಿ ಒಬ್ಬಳೇ ಬಡಿದಾಡಿ ಎಲ್ಲ ಉಳಿಸಿಕೊಳ್ಳುತ್ತಾಳೆ. ಗಂಡ ಅದರ ಯಶಸ್ಸನ್ನು ದೇವರ ಖಾತೆಗೆ ಜಮಾ ಮಾಡುತ್ತಾನೆ. ವೈದೇಹಿಯವರ ಕಥೆಯಿಂದ ಬಂದ ಅವರದೇ 'ಗುಲಾಬಿ ಟಾಕೀಸ್'ನಲ್ಲಿ ಉಮಾಶ್ರೀ ಸೂಲಗಿತ್ತಿ, ಸಿನಿಮಾ ಹುಚ್ಚಿನವಳು. ಹೆರಿಗೆ ಮಾಡಿಸಿದ್ದಕ್ಕೆ ಬಣ್ಣದ ಟೀವಿ ಸಿಕ್ಕುತ್ತದೆ, ಊರಿನ ಹೆಂಗಸರು ಅವಳ ಗುಡಿಸಲಿಗೆ ಬರುತ್ತಾರೆ. ಅಮ್ಮನವರೇ, ತಾವು ಎಂದಾದರೂ ಸಿನಿಮಾ ನೋಡಿದ್ದೀರಾ? ತಮ್ಮ ಸಿನಿಮಾದೊಳಗೆ ತಾವು ಒಂದು ಸಿನಿಮಾಕ್ಕೆ ಹೊರಟದ್ದು ನನಗೆ ನೆನಪಿಲ್ಲ. ದೇವಸ್ಥಾನಕ್ಕೆ ಬೇಕಾದಷ್ಟು ಸಲ ಹೋಗಿದ್ದೀರಿ, ಹೋದಾಗಲೆಲ್ಲ ಗಂಟೆ ತಾನೇ ಬಾರಿಸಿಕೊಂಡಿದೆ.

ಈಚಿನವರಲ್ಲಿ 'ಶಿವಮ್ಮ ಯರೇಹಂಚಿನಾಳ'ದ ಶಿವಮ್ಮನನ್ನು ತಾವು ಕಾಣಲೇಬೇಕು. ಶಾಲೆಯ ಬಿಸಿಯೂಟದ ಅಡುಗೆಯವಳು, ಚೈನು ವ್ಯಾಪಾರಕ್ಕೆ ಬಿದ್ದು ಊರಿಗೆಲ್ಲ ಪುಷ್ಟಿಯ ಪುಡಿ ಮಾರಲು ಹೊರಡುತ್ತಾಳೆ. ಮಾತು ಕೇಳುವುದಿಲ್ಲ, ಸಾಲ ಮಾಡುತ್ತಾಳೆ, ಮನೆಯವರನ್ನು ಗೋಳು ಹೊಯ್ದುಕೊಳ್ಳುತ್ತಾಳೆ. ತ್ಯಾಗಮಯಿಯ ಲಕ್ಷಣ ಒಂದೂ ಇಲ್ಲ. ಬೂಸಾನ್ ಚಿತ್ರೋತ್ಸವದಲ್ಲಿ 2022ರಲ್ಲಿ ಬಹುಮಾನ ಪಡೆದು ಬಂದಳು. ಪಾಯಲ್ ಕಪಾಡಿಯಾ ಅವರ ಚಿತ್ರ 2024ರಲ್ಲಿ ಕಾನ್‌ನಲ್ಲಿ ಗ್ರಾಂಡ್ ಪ್ರಿ ಗೆದ್ದಿತಲ್ಲ, ಅದರಲ್ಲಿ ಮುಂಬಯಿಯ ನರ್ಸ್ ಪ್ರಭಾಳಿಗೆ ಜರ್ಮನಿಯಲ್ಲಿ ತಯಾರಾದ ಕೆಂಪು ರೈಸ್ ಕುಕ್ಕರ್ ಒಂದು ಅಂಚೆಯಲ್ಲಿ ಬರುತ್ತದೆ. ಕಳಿಸಿದವರ ಹೆಸರಿಲ್ಲ, ಗಂಡ ಜರ್ಮನಿಯಲ್ಲಿದ್ದಾನೆ. ರಾತ್ರಿ ಅವಳು ಅದನ್ನು ತಬ್ಬಿಕೊಂಡು ಕೂರುತ್ತಾಳೆ. ನಾನು ಅಲ್ಲಿ ಅತ್ತೆ. ತಮ್ಮನ್ನು ಐಸಿಯುಗೆ ಸೇರಿಸಿದಾಗಲೂ ಅಷ್ಟು ಅತ್ತಿರಲಿಲ್ಲ, ಕ್ಷಮಿಸಿ.

ತಮ್ಮ ಪಾತ್ರ ಮಾಡುವ ಹೆಂಗಸರ ಕಷ್ಟವೂ ಒಂದಿದೆ. ಕೇರಳದಲ್ಲಿ ಚಿತ್ರರಂಗದ ಹೆಂಗಸರ ಸ್ಥಿತಿಗತಿ ವಿಚಾರಿಸಿದ ಹೇಮಾ ಸಮಿತಿಯ ವರದಿ 2019ರಲ್ಲಿ ಸರ್ಕಾರದ ಕೈ ಸೇರಿ, ಜನರ ಕಣ್ಣಿಗೆ ಬಿದ್ದದ್ದು 2024ರ ಆಗಸ್ಟಿನಲ್ಲಿ. ಅದರ ದೊಡ್ಡ ದೊಡ್ಡ ಸಂಗತಿಗಳ ನಡುವೆ, ಶೂಟಿಂಗ್ ಜಾಗದಲ್ಲಿ ಹೆಂಗಸರಿಗೆ ಶೌಚಾಲಯವಾಗಲೀ ಬಟ್ಟೆ ಬದಲಿಸುವ ಜಾಗವಾಗಲೀ ಇಲ್ಲ ಎನ್ನುವ ದೂರೂ ಇತ್ತು. ಇಂಥದೇ ಸಮಿತಿ ಕನ್ನಡಕ್ಕೂ ಬೇಕೆಂದು ಇಲ್ಲಿನ ಕಲಾವಿದರು ಅದೇ ವರ್ಷ ಸರ್ಕಾರಕ್ಕೆ ಮನವಿ ಕೊಟ್ಟರು. ಮಾತೃದೇವೋ ಭವ ಎಂದು ಟೈಟಲ್ ಕಾರ್ಡಿನಲ್ಲಿ ಹಾಕಿಕೊಳ್ಳುವ ಉದ್ಯಮದ ಮುಂದೆ ನೀರು ಬರುವ ಒಂದು ಕಕ್ಕಸು ಕೊಡಿ ಎಂದು ಬೇಡುವುದು ಸಣ್ಣತನ ಇರಬಹುದು. ಆದರೂ ಬೆಳಿಗ್ಗೆ ಆರರಿಂದ ನೀರು ಕುಡಿಯದೆ ಕೂತ ತಾಯಿ ಮಗನಿಗೆ ಯಾವ ಮುಖ ಇಟ್ಟುಕೊಂಡು ಆಶೀರ್ವಾದ ಮಾಡಬೇಕು?

ಇನ್ನು ಮುಖ್ಯ ವಿಷಯ, ಅಂದರೆ ತಮ್ಮ ಕಾಲ್‌ಶೀಟ್. ನನ್ನ ಡಿಪ್ಲೊಮಾ ಚಿತ್ರಕ್ಕೆ ತಾವು ಬರಬೇಕು. ಫ್ರಾನ್ಸಿನ ಆನ್ಯೆಸ್ ವಾರ್ದಾ ಎಂಬವರು ಮಗು ಎಳೆಯದಿದ್ದಾಗ ಮನೆ ಬಿಟ್ಟು ದೂರ ಹೋಗಲಾಗದೆ, ಮನೆಯ ಮೀಟರಿನಿಂದ ವಿದ್ಯುತ್ ಕೇಬಲ್ ಎಳೆದು, ಅದು ಎಷ್ಟು ದೂರ ಹೋಗುತ್ತದೋ ಅಷ್ಟರೊಳಗಿನ ಅಂಗಡಿಗಳನ್ನು ಚಿತ್ರಿಸಿದರಂತೆ, ಸುಮಾರು 90 ಮೀಟರ್. ಬೇಕರಿಯವನು, ಕಟುಕ, ದರ್ಜಿ, ಒಂದಿಡೀ ಸಾಕ್ಷ್ಯಚಿತ್ರವಾಯಿತು. ನಮ್ಮ ಬಜೆಟ್ಟಿಗೂ ಅಷ್ಟೇ ಕೇಬಲ್ ಬರುವುದು, ನಮ್ಮೂರಿನ ಮನೆಯ ಪ್ಲಗ್ಗಿನಿಂದ ಹಿತ್ತಲಿನವರೆಗೆ ಸಾಕು.

ಷರತ್ತುಗಳು ಹೆಚ್ಚೇನಿಲ್ಲ. ಕೆಮ್ಮುವ ಹಾಗಿಲ್ಲ. ಗ್ಯಾಸಿಗೆ ಪೈಪು ಇರುತ್ತದೆ, ಹುಷಾರು. ಲೋಟದಲ್ಲಿ ಕಾಫಿ ಇರುತ್ತದೆ, ಮೊದಲ ಲೋಟ ತಮ್ಮದು. ಮುದ್ದೆ ತಿರುವುವುದು ಬರದಿದ್ದರೆ ನಮ್ಮಮ್ಮ ಹೇಳಿಕೊಡುತ್ತಾರೆ, ಸ್ವಲ್ಪ ಬೈಗುಳ ತಿನ್ನಬೇಕಾಗಬಹುದು. ಮಾಡಿದ್ದನ್ನು ಕೂತು ಉಣ್ಣಬೇಕು, ಆ ಶಾಟ್ ತಟ್ಟೆ ಖಾಲಿಯಾಗುವವರೆಗೆ ಓಡುತ್ತದೆ. ಮೇಷ್ಟ್ರು ಕಟ್ ಎಂದರೆ ನಾನು ನೋಡಿಕೊಳ್ಳುತ್ತೇನೆ. ಸಂಭಾವನೆ ಕಮ್ಮಿ, ಆದರೆ ಅದು ತಮ್ಮ ಮಗನ ಕೈಗಲ್ಲ, ತಮ್ಮ ಖಾತೆಗೇ ಹೋಗುತ್ತದೆ. ಅದಕ್ಕೆ, ಹಾಗೂ ಟೈಟಲ್ ಕಾರ್ಡಿಗೆ, ತಮ್ಮ ಪೂರ್ಣ ಹೆಸರು ಬರೆದು ತಿಳಿಸಬೇಕು. 'ಅಮ್ಮ' ಎಂದಷ್ಟೇ ಬರೆದು ಕಳಿಸಿದರೆ ಬ್ಯಾಂಕಿನವರು ಒಪ್ಪುವುದಿಲ್ಲ.

ಇತಿ ತಮ್ಮ ವಿಧೇಯಳು,
ಮೂರನೇ ಸಾಲಿನ ವಿದ್ಯಾರ್ಥಿನಿ

ವಿ.ಸೂ.: ತಮ್ಮ ಮಗನಿಗೂ ಒಂದು ಪಾತ್ರವಿದೆ. ಮೈಕಟ್ಟು ಬೇಕಿಲ್ಲ, ಎಂಟ್ರಿ ಹಿತ್ತಲ ಬಾಗಿಲಿನಿಂದ, ಸೆಕೆಂಡಿಗೆ 24 ಚೌಕಟ್ಟು ಮಾತ್ರ. ಇಡೀ ಚಿತ್ರದಲ್ಲಿ ಒಂದೇ ಡೈಲಾಗ್: "ಪಾತ್ರೆ ತಿಕ್ಕೋ ನಾರು ಎಲ್ಲಿದೆ?" ಡೇಟ್ಸ್ ಇದೆಯೇ ಎಂದು ಕೇಳಿ ಹೇಳಿ.